ವೇಬಿಲ್ಲಿಗೆ ಬಾರದ್ದು

ಡಿಪೋದಲ್ಲಿ ಟಿಕೆಟ್ ಮೆಷಿನ್ನು ರಿಪೇರಿ ಮಾಡುವ ಇಮ್ದಾದ್
ನನ್ನ ಮೊಬೈಲಿನೊಳಗೆ ಒಬ್ಬನನ್ನು ಕೂರಿಸಿಕೊಟ್ಟ.
ಹೆಸರಿಲ್ಲ ಅವನಿಗೆ. ಏಜೆಂಟ್ ಅಂತಾರೆ.
ನನಗೆ ಗೊತ್ತಿದ್ದ ಏಜೆಂಟರು ಪಾಲಿಸಿ ಮಾಡಿಸುವವರು;
ಇವನು ಕಂತು ಕೇಳುವುದಿಲ್ಲ, ಅನುಮತಿ ಕೇಳುತ್ತಾನೆ:
ಹೆಜ್ಜೆ ಓದಲೆ? ನಿದ್ದೆ ಓದಲೆ? ನಾಡಿ ಓದಲೆ?
ಕೇಳಿದ್ದಕ್ಕೆಲ್ಲ ಹೂಂ ಒತ್ತಿದೆ,
ಸೀಟು ಸಿಕ್ಕ ಖುಷಿಗೆ ಕಿಟಕಿ ತೆರೆದುಬಿಡುವವರ ಹಾಗೆ.

ಅವನಿಗೂ ಟಿಕೆಟ್ ಬೇಕಂತೆ. ಟೋಕನ್ ಅನ್ನುತ್ತಾನೆ.
ವಾಚಿನ ಕಂಪನಿಯ ಬಾಗಿಲಲ್ಲಿ ತೋರಿಸಬೇಕು,
ಕೊಂಚ ಹೊತ್ತಿಗೇ ಹಳತಾಗುತ್ತದೆ.
"ಟೋಕನ್ ಅವಧಿ ಮುಗಿದಿದೆ, ಮತ್ತೆ ಪ್ರಯತ್ನಿಸುತ್ತಿದ್ದೇನೆ"
ಎಂದು ಮೊದಲ ದಿನವೇ ಹೊರಗೆ ನಿಂತ.
ಪಾಪ ಅನ್ನಿಸಿತು.
ಪಾಸು ಮುಗಿದ ಹುಡುಗರನ್ನು
ಗಾಜನೂರಿನಲ್ಲಿ ಇಳಿಸಿದವಳಲ್ಲ ನಾನು.

ಆಮೇಲೆ ತಂದ.
ಸೋಮವಾರದ್ದು. ಹೆಜ್ಜೆ ಒಂಬತ್ತು ಸಾವಿರದ ನಾನೂರ ಹನ್ನೊಂದು,
ದೂರ ಇನ್ನೂರ ನಲವತ್ತೆಂಟು ಕಿಲೋಮೀಟರ್.
"ಲೆಕ್ಕ ತಾಳೆಯಾಗುತ್ತಿಲ್ಲ.
ಒಂದು ಹೆಜ್ಜೆಗೆ ಇಪ್ಪತ್ತಾರು ಮೀಟರ್ ಬರುತ್ತದೆ.
ಸೆನ್ಸರ್ ದೋಷ ಎಂದು ಗುರುತು ಹಾಕಲೆ?"

ಬೇಡ ಮಾರಾಯ.
ಶಿವಮೊಗ್ಗದಿಂದ ತೀರ್ಥಹಳ್ಳಿಗೆ ನಾನು ನಡೆದೇ ಹೋಗುವುದು,
ಬಸ್ಸಿನೊಳಗೆ,
ಮುಂದಿನ ಬಾಗಿಲಿಂದ ಹಿಂದಿನ ಸೀಟಿಗೆ, ಅಲ್ಲಿಂದ ತಿರುಗಿ ಮುಂದಕ್ಕೆ,
ಡ್ರೈವರ್ ಹುಚ್ಚರಾಯಪ್ಪ ಬ್ರೇಕ್ ಒತ್ತಿದಾಗ ಎರಡು ಹೆಜ್ಜೆ ಪುಕ್ಕಟೆ.
ನಾನು ಹಿಂದಕ್ಕೆ ನಡೆದರೂ
ಊರು ಮುಂದಿನಿಂದಲೇ ಬರುತ್ತದೆ.
ಬರೆದುಕೋ.

ಬರೆದುಕೊಂಡ. "ತಿಳಿಯಿತು, ಧನ್ಯವಾದ" ಎಂದ.
ಇಪ್ಪತ್ತೆರಡು ವರ್ಷದಲ್ಲಿ ಚೆಕಿಂಗಿನವರು
ಒಬ್ಬರೂ ಹಾಗೆ ಅಂದದ್ದಿಲ್ಲ.

ಮೂರನೆಯ ವಾರ ಅವನೇ ಮಾತು ತೆಗೆದ.
ಒಂದು ಟೂಲಿನಿಂದ ನಾಡಿಯ ಪಟ್ಟಿ,
ಇನ್ನೊಂದರಿಂದ ದಾರಿಯ ಪಟ್ಟಿ ಎಳೆದು
ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದ,
ರಾತ್ರಿ ನಾವು ವೇಬಿಲ್ಲನ್ನೂ ಚಿಲ್ಲರೆಯನ್ನೂ ಹರವಿಕೊಂಡು ಕೂರುವ ಹಾಗೆ:
"ಭಾನುವಾರ ಬಿಟ್ಟು ದಿನವೂ, ಎಂಟು ಹತ್ತರ ಆಸುಪಾಸು,
ಮಂಡಗದ್ದೆ ದಾಟಿದ ಮೂರನೆಯ ನಿಲ್ದಾಣದಲ್ಲಿ
ಎಪ್ಪತ್ತೆಂಟಿದ್ದ ನಾಡಿ ನೂರ ಹದಿನಾಲ್ಕಕ್ಕೆ ಏರುತ್ತದೆ.
ನಲವತ್ತು ಸೆಕೆಂಡು. ಆಗ ಹೆಜ್ಜೆಗಳಿಲ್ಲ.
ಅಲ್ಲಿ ಏನಿದೆ?"

ಅಲ್ಲಿ ಹಾಲಿನ ಡೇರಿ ಇದೆ.
ಮಗುಚಿ ಬಿದ್ದ ಮೈಲಿಗಲ್ಲು ಇದೆ.
ಚೌಡಮ್ಮ ಇದ್ದಾಳೆ.

ಹೋದ ವರ್ಷ, ಚಿಲ್ಲರೆ ಎಣಿಸುತ್ತ, ತಲೆಯೆತ್ತದೆ,
"ರೈಟ್" ಅಂದುಬಿಟ್ಟೆ.
ಅವಳ ಒಂದು ಕಾಲು ಇನ್ನೂ ನೆಲದ ಮೇಲಿತ್ತು.
ಹದಿನಾರು ಹೊಲಿಗೆ. ಮಂಡಿ ಇವತ್ತಿಗೂ ಪೂರ್ತಿ ಮಡಚುವುದಿಲ್ಲ.
ಡಿಪೋದವರು ಹೋಗಿ ಕೇಳಿದರೆ
"ನಂದೇ ಕಾಲು ಜಾರಿತು" ಅಂದಳಂತೆ.
ಈಗಲೂ ಅದೇ ಬಸ್ಸು, ಕಂಬಿ ಹಿಡಿದು, ಒಳ್ಳೆಯ ಕಾಲು ಮೊದಲು.
ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತೇನೆ.
"ತಿಂಡಿ ಆಯ್ತೇನೇ?" ಅನ್ನುತ್ತಾಳೆ.
ಆಯ್ತು ಅನ್ನುತ್ತೇನೆ. ಆಗಿರುವುದಿಲ್ಲ.

ಇಷ್ಟನ್ನೂ ಅವನಿಗೆ ಹೇಳಲಿಲ್ಲ.
"ಸೆನ್ಸರ್ ದೋಷ" ಎಂದು ಟೈಪು ಮಾಡಿದೆ.
"ಸರಿ, ಗುರುತು ಹಾಕಿದ್ದೇನೆ."
ಇಷ್ಟು ಬೇಗ ನಂಬುವವನು
ಕಂಡಕ್ಟರ್ ಆಗಿದ್ದರೆ ಡಿಪೋ ಎಂದೋ ಮುಳುಗುತ್ತಿತ್ತು.

ಮಾರನೆಯ ಬೆಳಿಗ್ಗೆ, ಮಂಡಗದ್ದೆ ಬರುವ ಮೊದಲೇ,
ವಾಚು ಬಿಚ್ಚಿ ಚೀಲದೊಳಕ್ಕೆ ಇಳಿಬಿಟ್ಟೆ,
ಐದರ ನಾಣ್ಯ, ಬೆವರಿದ ಹತ್ತರ ನೋಟು, ಹೊಸ ರೋಲಿನ ನಡುವೆ.
ಚೌಡಮ್ಮ ಹತ್ತಿದಳು.
ತಿಂಡಿ ಆಯ್ತೇನೇ?
ಇಲ್ಲ ಅಂದೆ.
ಬಾಳೆಲೆ ಬಿಚ್ಚಿ ಒಂದು ಕಡುಬು ಕೈಗಿಟ್ಟಳು,
ಬಿಸಿ, ಟಿಕೆಟ್ ಕೊಡಲಿಕ್ಕೂ ಆಗದ ಹಾಗೆ.

ರಾತ್ರಿ ಅವನು ವರದಿ ತಂದ:
ಎಂಟು ಹತ್ತಕ್ಕೆ ನಾಡಿ ಅರವತ್ತನಾಲ್ಕು. ಸ್ಥಿರ. ಉತ್ತಮ.

ಚಿಲ್ಲರೆ ಚೀಲದ್ದು.