ಕಿವಿಯೊಳಗಿನ ಸುಣ್ಣ

ಐವತ್ತೆರಡು ವರ್ಷ ದೋಣಿ. ಒಮ್ಮೆಯೂ ವಾಕರಿಕೆಯಿಲ್ಲ.
ಚಿಲೋಯೆಯ ಕಡಲು ಕೊಡವಿ ಬಿಸುಟರೂ
ಚಿಪ್ಪಿನ ಬುಟ್ಟಿ ತೊಡೆಗವುಚಿಕೊಂಡು
ಆಲೂಗೆಡ್ಡೆ ರೊಟ್ಟಿ ತಿಂದವಳು ನಾನು.

ಮಂಗಳವಾರ, ಹಾಸಿಗೆಯಲ್ಲಿ, ಎಡಕ್ಕೆ ಹೊರಳಿದೆ ಅಷ್ಟೆ.
ತೊಲೆ ಓಡಿತು. ದೀಪ ಓಡಿತು.
ಗೋಡೆಯ ಸಂತ ಆಂತೋನಿಯೋ
ಗಾಣದೆತ್ತಿನ ಹಾಗೆ ಸುತ್ತು ಹೊಡೆದ.

ಪಿತ್ತ, ಎಂದಳು ನಾದಿನಿ ಓರ್ಫೆಲಿನಾ; ಪುದೀನಾ ಕುದಿಸಿದಳು.
ಕೆಟ್ಟ ಗಾಳಿ, ಎಂದ ಪಕ್ಕದ ಮನೆಯ ಕಾರ್ಕಾಮೋ.
ರಕ್ತದೊತ್ತಡ, ಎಂದಿತು ಔಷಧಿ ಅಂಗಡಿ; ಮಾತ್ರೆ ಮಾರಿತು.
ನಾನು ಗೋಡೆ ಹಿಡಿದೇ ಒಲೆಗೆ ಹೋದೆ, ಗೋಡೆ ಹಿಡಿದೇ ಬಂದೆ.

ಕಾಸ್ತ್ರೋ ಆಸ್ಪತ್ರೆಯ ಹುಡುಗಿ ಚೀಟಿ ಬರೆಯಲಿಲ್ಲ.
ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದು
ಮಂಚದಂಚಿನಾಚೆ ಇಳಿಬಿಟ್ಟಳು, ಎಡಕ್ಕೆ.
'ಕಣ್ಣು ಮುಚ್ಚಬೇಡಿ.' ಎಣಿಸಿದಳು.
ಲೋಕ ಸುತ್ತಿತು, ಸುಸ್ತಾಗಿ ನಿಂತಿತು.
ಬಲಕ್ಕೆ ತಿರುಗಿಸಿದಳು. ಎಣಿಸಿದಳು.
ಭುಜದ ಮೇಲೆ ಹೊರಳಿಸಿ, ಮೂಗು ನೆಲಕ್ಕೆ. ಮತ್ತೆ ಎಣಿಕೆ.
'ನಿಧಾನ ಏಳಿ.'

ಏನಿತ್ತು ಒಳಗೆ?
'ಸುಣ್ಣದ ಹರಳು. ಎಲ್ಲರ ಕಿವಿಯಲ್ಲೂ ಇರುತ್ತೆ,
ತಲೆಗೆ ಮೇಲ್ಯಾವುದು ಕೆಳಗ್ಯಾವುದು ಹೇಳೋಕೆ.
ನಿಮ್ಮವು ಕೆಲವು ಜಾಗ ಬಿಟ್ಟು ಕೊಳವೆಗೆ ಇಳಿದಿದ್ದವು.'

ಸುಣ್ಣ! ನಗು ಬಂತು.
ಜೀವಮಾನವೆಲ್ಲ ಹೆಕ್ಕಿದ್ದು ಅದನ್ನೇ;
ಹಿತ್ತಿಲಲ್ಲಿ ಮೊಳಕಾಲೆತ್ತರ ಚಿಪ್ಪಿನ ರಾಶಿ.
ನನ್ನೊಳಗಿನದನ್ನು ಮಾತ್ರ ಎಣಿಸಿರಲಿಲ್ಲ.

'ಮತ್ತೆ ಬರಬಹುದು,' ಅಂದಳು.
ಬರಲಿ. ಹೊರಳುವ ದಾರಿ ಈಗ ಗೊತ್ತು.

ಸಂಜೆಯ ದೋಣಿಗೆ ಮರಳಿದೆ. ಅಲೆ ಜೋರಿತ್ತು.
ಟಿಕೆಟ್ ಹರಿಯುವ ಹುಡುಗ ಕಟಕಟೆಗೆ ಬಾಗಿ
ಕಾರಿಕೊಳ್ಳುತ್ತಿದ್ದ.
ಅವನ ಹಣೆ ಹಿಡಿದುಕೊಂಡೆ.