ಘಾಟು

ತಗಡು ಬಿಚ್ಚಿದ್ದ ತಡ
ಮೂರು ಸೀನು ಬಂದ್ವು, ಒಂದರ ಬೆನ್ನಿಗೆ ಒಂದು.
ಬಾಗಲದಾಗ ನಿಂತ ಮಾಲತೇಶ ನಕ್ಕ.
ಬ್ಯಾಡಗಿಯಾಗ ಹುಟ್ಟಿದ ಮೂಗು ಅವಂದು;
ನಂದು ಸವಣೂರಿಂದ ಬಂದದ್ದು, ಹನ್ನೊಂದು ವರ್ಷಾದ್ರೂ
ಬೀಗರ ಮನಿಯಾಗ ಕುಂತಂಗ ಕುಂತೈತಿ.

"ಇಪ್ಪತ್ತು ನಿಮಿಷ ಆಡಿದ್ರ ಸಾಕು, ಇಮಾಮಣ್ಣಾ,
ಎಲ್ಲಾ ನಿಂತಬಿಡತೈತಿ.
ದನಿ ಮಾತ್ರ ರ್‍ರ್‍ರ್ ಅಂತ
ಒಂದ ಅಕ್ಷರಕ್ಕ ಸಿಕ್ಕೊಂಡು ಒದರತೈತಿ."

ಬಿಚ್ಚೂಕಿಂತ ಮೊದಲ ಹಚ್ಚಿ ನೋಡಿದ್ದೆ:
ಎಂಬತ್ತೆಂಟು, ತೊಂಬತ್ಮೂರು,
ತೊಂಬತ್ತೇಳು ಡಿಗ್ರಿ. ಅಲ್ಲಿಗೆ ಉಸಿರು ಕಟ್ಟಿತು.
ಮ್ಯಾಲ ಕೈ ಇಟ್ರ ಹಂಚು.
ರೊಟ್ಟಿ ಬಡದು ಹಾಕಿದ್ರ ಉಬ್ಬತಿತ್ತು.

ಒಳಗಿದ್ದದ್ದು ಧೂಳಲ್ಲ.
ನಾ ಕಂಡ ಧೂಳು ಬೂದಿ ಬಣ್ಣದ್ದು,
ಇಲ್ಲಾ ಮಣ್ಣಿಂದು.
ಇದು ಕೆಂಪ.
ಫ್ಯಾನಿನ ಏಳೂ ಎಸಳಿಗೆ ಕೆಂಪು ತುಪ್ಪಳ,
ಅಲ್ಯೂಮಿನಿಯಂ ಹಲ್ಲಿನ ಸಂದ್ಯಾಗ
ಕುಟ್ಟಿ ತುಂಬಿದಂಗ ಪುಡಿ,
ಅದರಾಗ ಎರಡು ಬೀಜ, ಒಂದು ಒಣಾ ತೊಟ್ಟು.

"ಎಲ್ಲಿಟ್ಟೀಯೋ ಇದನ್ನ?"
"ಪಡಸಾಲ್ಯಾಗ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯೂ ಕಡೆ."

ಫ್ಯಾನ ಹಿಡಿ, ಅಂದೆ, ತಿರಗಾಕ ಬಿಡಬ್ಯಾಡ,
ಬ್ಲೋವರಿನ ಗಾಳಿಗೆ ಸುಮ್ಮಸುಮ್ಮನ ಸುತ್ತಿದ್ರ ಬೇರಿಂಗು ಹೋಗತೈತಿ.
ಮಲಗಿದ ಕೂಸಿನ ಎದಿ ಮ್ಯಾಲ ಇಟ್ಟಂಗ
ಒಂದು ಬೆರಳು ಇಟ್ಟ.
ಭರ್ ಅಂತ ಎದ್ದ ಕೆಂಪು ಮೋಡಕ್ಕ
ಬಾಜೂ ಚಾದಂಗಡಿ ಹೊನ್ನಪ್ಪ ಕೆಮ್ಮಿದ, ಬೈದ,
ಬೈಗಳ ಮುಗಿಯೂದ್ರಾಗ ಮತ್ತ ಕೆಮ್ಮಿದ.

ಚಿಪ್ಪಿನ ಮ್ಯಾಲಿನ ಪೇಸ್ಟು
ಅಡಕಿ ಚೀಲದಾಗ ಮರತ ಸುಣ್ಣ ಆಗಿತ್ತು.
ಸ್ಪಿರಿಟ್ಟಿನಾಗ ಅರಿವಿ ಅದ್ದಿ ವರಿಸಿದೆ,
ನನ್ನ ಮೀಸಿ ಅದರಾಗ ಕಾಣೂ ತನಕ.
ಹೊಸದು ಒಂದು ತೊಗರಿಕಾಳಿನಷ್ಟು, ಸಾಕು.
ಹಾವೇರಿಯಾಗ ಇದನ್ನ ಮಾರಿದ ಪುಣ್ಯಾತ್ಮ
ಹಿಂದಿನ ಫ್ಯಾನು ಉಲ್ಟಾ ಕೂಡಿಸಿದ್ದ:
ಮುಂದಿಂದೂ ಒಳಗ ಎಳಿಯೂದು, ಹಿಂದಿಂದೂ ಒಳಗ ಎಳಿಯೂದು,
ಕಾವಿಗೆ ಹೊರಗ ಹೋಗಾಕ ಬಾಗಲಾ ಇಲ್ಲ.
ತಿರುವಿ ಹಾಕಿದೆ.

ರಾತ್ರಿ ಎಂಟಕ್ಕ ಫಕ್ಕೀರವ್ವ ತಾನ ಬಂದ್ಲು,
ಹಸೀ ಸೆರಗಿನಾಗ ಎರಡೂ ಕೈ ಸುತಗೊಂಡು.
"ಮಗಗ ಹೇಳವಾ," ಅಂದೆ, "ತಾಸುಗಟ್ಟಲೆ ಆಡಬ್ಯಾಡ ಅಂತ."
ಮಾಲತೇಶ ನೆಲಾ ನೋಡಿದ.
"ಅಂವ ಎಲ್ಲಿ ಆಡತಾನ," ಅಂದ್ಲು, "ನಾನ."

ಸೀಜನ್ನಿನಾಗ ಕೈ ಉರಿ ನಿದ್ದಿ ಕೊಡೂದಿಲ್ಲ.
ಎಣ್ಣಿ ಹಚ್ಚಿದ್ಲು, ಬೆಲ್ಲ ತಿಕ್ಕಿದ್ಲು,
ಮಜ್ಜಿಗಿ ಗಡಗಿಯಾಗ ಮೊಣಕೈತನಕ ಇಳಿಸಿ ಕುಂತ್ಲು.
ಒಂದಿನ ನಡುರಾತ್ರಿ ಮಗಾ ಕುರ್ಚಿ ಸರಿಸಿ
ಲಾರಿ ಆಟ ಹಚ್ಚಿಕೊಟ್ಟ.
ಯಾವದೋ ಸೀಮಿಯ ಬರ್ಫದ ದಾರಿ,
ಹದಿನೆಂಟು ಗಾಲಿ, ವೈಪರು ಆಡತಿರತಾವ,
ಎಡಕ್ಕ ಬೆಳ್ಳಗ, ಬಲಕ್ಕ ಬೆಳ್ಳಗ, ಒಂದೂ ಚೀಲ ಇಲ್ಲ.

"ಏನ ಹೇರಿರತಾರ ಲಾರಿಯಾಗ?"
"ಮೀನ. ಐಸಿನಾಗ ಇಟ್ಟದ್ದು.
ನಾ ಮುಟ್ಟೂದಿಲ್ಲ, ಆದ್ರ ಬಾಡಿಗಿ ಚಲೋ ಕೊಡತಾರ."

ಒಂದು ಸೇತುವಿ ಐತಂತ,
ಅದರ ನಟ್ಟನಡುವ ದಿನಾ ನಿಂತಬಿಡತೈತಂತ.
ಆ ಕಡೆ ಏನೈತಿ, ಇನ್ನೂ ನೋಡಿಲ್ಲ.

ನನ್ನ ಸ್ಟೂಲಿನ ಮ್ಯಾಲ ಕುಂತ್ಲು. ಸೆರಗಿನಿಂದ ಕೈ ತಗದ್ಲು.
ಉಗುರಿನ ಸುತ್ತ ಆ ಕೆಂಪು, ಯಾವ ಸ್ಪಿರಿಟ್ಟಿಗೂ ಹೋಗದ್ದು.
ಅರವತ್ತೆಂಟು. ಎಪ್ಪತ್ತು.
ಸೇತುವಿ ಬಂತು. ಎಪ್ಪತ್ತೆರಡು.
ಹೊನ್ನಪ್ಪನೂ ಬಂದು ಇಣಿಕಿದ, ಕೆಮ್ಮು ಹಿಡಕೊಂಡು.
ಎಪ್ಪತ್ತೆರಡು.
ಎಪ್ಪತ್ತೆರಡು.

ಆ ಕಡೆನೂ ಬರ್ಫ. ಒಂದು ಬಂಕು, ಒಂದು ದೀಪ.
"ಇಷ್ಟ ಏನ!" ಅಂದ್ಲು. ಏಳಲಿಲ್ಲ.

ಪಡಸಾಲ್ಯಾಗ ಇಡಬ್ಯಾಡವಾ, ಅಂದೆ.
"ಇರೂದು ಅದೊಂದ ಅಲ್ಲೇನಣ್ಣ."
ಬಿಲ್ಲಿನ ಹಿಂದ ಬರದೆ: ತಿಂಗಳಿಗೊಮ್ಮೆ ಊದಿಸಬೇಕು, ರೊಕ್ಕ ಇಲ್ಲ.
ಆಕಿ ಈ ಕಡೆ ನೋಡಲಿಲ್ಲ,
ಇಂಡಿಕೇಟರ್ ಹಾಕಿ, ಸಾವಕಾಶ,
ಬಂಕಿನ ಕಡೆ ತಿರುವತಿದ್ಲು;
ಹಿಂದ ದಾರಿ ಉದ್ದಕ್ಕೂ ಯಾರೂ ಇರಲಿಲ್ಲ.