ಹಳದಿ–ಬೂದು

ಮೊದಲು ಬಣ್ಣ ಕಲಿ, ಆಮೇಲೆ ಮಾತು, ಅಂದರು ಲಾಜರಪ್ಪ.
ಬಿ.ಎಂ. ರಸ್ತೆಯ ಗುಂಡಿಯಲ್ಲಿ ಮಂಡಿಯುದ್ದ ನೀರು,
ಮೇಲೆ ಟಾರ್ಪಾಲು, ಒಳಗೆ ಉಸ್ಸೆನ್ನುವ ಗ್ಯಾಸ್‌ಲೈಟು,
ರಸ್ತೆ ಅಗಲ ಮಾಡುವವರು ಕಡಿದು ಹಾಕಿದ ಕೇಬಲ್ಲು,
ಅದರ ಎರಡು ತುದಿಗೆ ನಾವಿಬ್ಬರು.

ಬಿಳಿ ನೀಲಿ, ಬಿಳಿ ಕಿತ್ತಳೆ, ಬಿಳಿ ಹಸಿರು, ಬಿಳಿ ಕಂದು, ಬಿಳಿ ಬೂದು.
ಕೆಂಪಿಗೂ ಅದೇ ಐವರು, ಕಪ್ಪಿಗೂ ಅದೇ ಐವರು,
ಹಳದಿಗೂ ಅವರೇ. ಇಪ್ಪತ್ತು ಜೋಡಿಗೆ ಒಂದು ಕಟ್ಟು.
ಮಗ್ಗಿ ತಪ್ಪಿದರೆ ಮೇಷ್ಟರು ಕಿವಿ ಹಿಂಡುತ್ತಿದ್ದರು;
ಇಲ್ಲಿ ತಪ್ಪಿದರೆ
ಆಸ್ಪತ್ರೆಗೆ ಹೊರಟ ಕರೆ
ಆಲೂಗಡ್ಡೆ ಮಂಡಿಯಲ್ಲಿ ಗಂಟೆ ಹೊಡೆಯುತ್ತದೆ.

ಎರಡು ತಂತಿ ಯಾಕೆ?
ಹೋದದ್ದು ತಿರುಗಿ ಬರಬೇಕಲ್ಲ ದ್ಯಾವಣ್ಣ.
ನಮ್ಮಪ್ಪನ ಕಾಲಕ್ಕೆ ಒಂದೇ ಇತ್ತು, ಕಬ್ಬಿಣದ್ದು,
ಅರಸೀಕೆರೆ ಸ್ಟೇಷನ್ನಿನಲ್ಲಿ ಕಟ್ಟು ಕಡ ಕುಟ್ಟುತ್ತಿದ್ದ.
ಹೋಗುವುದಕ್ಕೆ ತಂತಿ, ಬರುವುದಕ್ಕೆ ನೆಲ.
ಅರ್ಧ ದಾರಿ ಮಣ್ಣೇ.
ಚೈತ್ರದಲ್ಲಿ ಭೂಮಿ ಒಣಗಿದರೆ ಸುದ್ದಿ ಸೊರಗುವುದು,
ಹೂತಿಟ್ಟ ತಗಡಿಗೆ ಎರಡು ಕೊಡ ನೀರು ಹೊಯ್ದು
ಮತ್ತೆ ಬಂದು ಕೂತು
ಯಾರದೋ ಸಾವನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಿದ್ದ.

ಹೆಣೆದಿರುವುದು ಯಾಕೆ?
ಮಾತಿಲ್ಲ. ಈ ಜೋಡಿಯದೊಂದು ಎಳೆ, ಆ ಜೋಡಿಯದೊಂದು ಎಳೆ
ಹಿಡಿದು ಕಚ್ಚಿಸಿ ರಿಸೀವರು ನನ್ನ ಕಿವಿಗೆ ಇಟ್ಟರು.
ಮೂಟೆಗೆ ಮೂರು ರೂಪಾಯಿ ಇಳಿಸ್ಕಳ್ಳಿ ಅನ್ನುವವನ ಮೇಲೆ
ಜ್ವರ ಬಿಡ್ತೇನಮ್ಮ ಅನ್ನುವವಳು.
ಸರಿಜೋಡಿ ಹಿಡಿದರು. ಒಬ್ಬರೇ ಉಳಿದರು,
ಅವರನ್ನೂ ಕೇಳಬಾರದು ಅಂತ ಕಿತ್ತುಕೊಂಡರು.
ಹೊರಗಿನ ಗದ್ದಲ ಇಬ್ಬರ ಮೇಲೂ ಸಮ ಬಿದ್ದರೆ
ಕಳೆದು ಸೊನ್ನೆ, ಒಬ್ಬರ ಮೇಲೇ ಬಿದ್ದರೆ ಮಾತು ಕೆಟ್ಟಿತು.
ಇದು ಕೇಬಲ್ಲಿನ ಪಾಠ ಕಣೋ, ಮದುವೆಯದಲ್ಲ.

ಐವತ್ತು ವೋಲ್ಟು ನಾಲಿಗೆಗೆ ಹುಣಿಸೆ.
ಗಂಟೆಯದು ಬೇರೆ, ಅದು ಕಚ್ಚುತ್ತದೆ:
ಬೆಳಗಿನ ಜಾವ ಮಂಗಳೂರಿಂದ ಯಾರೋ ಯಾರನ್ನೋ ಕರೆದರು,
ನನ್ನ ಒದ್ದೆ ಬೆರಳು ಹಾರಿ ಓಗೊಟ್ಟಿತು.

ಮೂರನೇ ಕಟ್ಟಿನ ಕೊನೆಯ ಜೋಡಿ ಹಳದಿ–ಬೂದು.
ಕಿವಿಗಿಟ್ಟರೆ ಏನಿಲ್ಲ, ನಾಲಿಗೆಗಿಟ್ಟರೆ ಸಪ್ಪೆ.
ಎಕ್ಸ್‌ಚೇಂಜಿನ ಪಟ್ಟಿಯಲ್ಲಿ ಅದರ ಮುಂದೆ ಬರೀ ಗೆರೆ.
ಬಿಟ್ಟುಬಿಡಿ, ಮಳೆ, ಮೂರು ಗಂಟೆ, ಅಂದೆ.
ಅವರು ತೊಗಟೆ ಸುಲಿದು, ಮೂರು ಸುತ್ತು ಹೊಸೆದು,
ಕೊಳವೆ ತೊಡಿಸಿ, ಬೆರಳಲ್ಲಿ ಒತ್ತಿ ನೋಡಿದರು,
ಜಿಲ್ಲಾಧಿಕಾರಿಯ ಜೋಡಿಗೆ ನೋಡಿದ ಹಾಗೆಯೇ.
ಯಾರ ನಂಬರು?
ಇನ್ನೂ ಹುಟ್ಟಿಲ್ಲ.

ಆಮೇಲೆ ಎಕ್ಸ್‌ಚೇಂಜಿನ ಟಕಟಕ ನಿಂತು
ಕಪಾಟುಗಳು ಏಸಿಯಲ್ಲಿ ತೆಪ್ಪಗೆ ಕೂತವು.
ಕೂದಲಿನಂಥ ಗಾಜಿನಲ್ಲಿ ಇಡೀ ಊರು ಒಟ್ಟಿಗೆ ಮಾತಾಡಿತು.
ಸಾಲಗಾಮೆ ರಸ್ತೆಯ ದೊಡ್ಡ ಬಿಳಿ ಬುಟ್ಟಿಗಳನ್ನು ಬೇಲಿಯಾಚೆಯಿಂದ ನೋಡಿ
ಲಾಜರಪ್ಪ ಕೇಳಿದ್ದು ಇಷ್ಟೇ:
ಅಷ್ಟು ಮೇಲೆ ಜಾಯಿಂಟು ಹೆಂಗೆ ಹಾಕ್ತಾರೆ?
ಶೆಟ್ಟಿಹಳ್ಳಿ ಕಡೆಯ ಮಣ್ಣಿಗೆ ಅವರನ್ನು ಕೊಟ್ಟು ಬಂದಾಗ
ನನ್ನ ಕಿಸೆಯಲ್ಲಿ ಮೊಬೈಲು ಅದುರುತ್ತಿತ್ತು, ಎತ್ತಲಿಲ್ಲ.

ಹೋದ ತಿಂಗಳು ತಾಮ್ರ ಕಿಲೋ ಲೆಕ್ಕಕ್ಕೆ ಹೋಯಿತು.
ಗುತ್ತಿಗೆಯ ಹುಡುಗರು ಎಳೆದರು, ಕೊಯ್ದರು,
ಬಿ.ಎಂ. ರಸ್ತೆಯ ಬದಿಯಲ್ಲೇ ಗುಡ್ಡೆ ಹಾಕಿದರು.
ಒಂದು ಜಾಯಿಂಟು ಬಿಚ್ಚಿಕೊಂಡು ಬಿದ್ದಿತ್ತು:
ಹಳೆಯ ತುಪ್ಪದಂಥ ಜೆಲ್ಲಿ, ಒಳಗೆ ಒಂದು ಚೀಟಿ,
ತಾರೀಖು ಅಳಿಸಿದೆ, ಲಾ ಅನ್ನುವ ಅಕ್ಷರ ಇದೆ.
ಒಂದು ಮೊಳ ಕೊಡಪ್ಪ ಅಂದೆ. ಇಪ್ಪತ್ತು ರೂಪಾಯಿ ಅಂದ. ಕೊಟ್ಟೆ.

ಮನೆಗೆ ತಂದು ಮೇಜಿನ ಮೇಲೆ ಒರೆಸಿ
ಹಳದಿಯ ಎರಡು ತುದಿಗೂ ಮೀಟರಿನ ಮುಳ್ಳು ಮುಟ್ಟಿಸಿದೆ.
ಯಾರೂ ನಡೆಯದ ದಾರಿ. ಕೂಗಿತು.
ಬೂದಿಗೆ ಮುಟ್ಟಿಸಿದೆ. ಅದೂ ಕೂಗಿತು.

ಒಳಗಿಂದ ಇವಳು,
ಯಾರದ್ರೀ ಫೋನು?